ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಕಲ್ಲು

ಸುಣ್ಣ ನಾನೇ ಕಲಸಿದ್ದು. ಬಕೀಟು ಪಂಚಾಯ್ತಿಯದು.
ಅಳತೆಗೆ ಮುರಿದ ಪೈಪಿನ ತುಂಡು, ಒಂದು ಮಾರು.
ರಿಪ್ಪನ್‌ಪೇಟೆಯ ನ್ಯಾಯಬೆಲೆ ಅಂಗಡಿಯ ಮೆಟ್ಟಿಲಿಂದ
ಹೊಸನಗರ ರಸ್ತೆಯ ಮೋರಿ ತನಕ
ಇಪ್ಪತ್ತೆಂಟು ಸುತ್ತು ಬರೆದೆ.
ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ;
ಪಿಡಿಓ ಮೇಡಂ ಫೋಟೋ ಹೊಡೆದು ತಾಲ್ಲೂಕಿಗೆ ಕಳಿಸಿದರು.

ನಾನು ನೀರುಗಂಟಿ.
ಇಪ್ಪತ್ತು ವರ್ಷ ವಾಲ್ವು ತಿರುಗಿಸಿದ ಕೈಗೆ
ಆ ವಾರ ಒಂದು ಸೀಟಿ ಕೊಟ್ಟರು, ತೋಳಿಗೊಂದು ಪಟ್ಟಿ.
ಬೆಳಿಗ್ಗೆ ಆರರಿಂದ ಹತ್ತು. ಹತ್ತಾದರೆ ಶಟರು.

ಎಂಟಕ್ಕೇ ಬಿಸಿಲು ಏರಿತು.
ಜನ ಸುತ್ತಿನಲ್ಲಿ ಚಪ್ಪಲಿ ಬಿಟ್ಟು
ಹೊಂಗೆ ಮರದಡಿ ಹೋಗಿ ಕೂತರು,
ಮೂಗಿಗೆ ಟವೆಲು, ಬಾಯಿಗೆ ಸೆರಗು.
ಅಂತರವೆಲ್ಲ ಚಪ್ಪಲಿಗಳಿಗೆ, ಮರದಡಿ ಮೈಗೆ ಮೈ.
ಸೀಟಿ ಊದಿದೆ. ಸರಿದ ಹಾಗೆ ಮಾಡಿದರು.

ಫಿಲೋಮಿನಾಳ ಪಿನ್ನು ಚುಚ್ಚಿದ ಹವಾಯಿ,
ಮೆಹಬೂಬಿಯ ಮಗನ ಶಾಲೆಯ ಬೂಟು, ಒಂದೇ ಕಾಲಿನದು,
ಷಣ್ಮುಖಪ್ಪನವರ ಕಿರ್ರೆನ್ನುವ ತೊಗಲಿನ ಜೋಡು.
ಅವರು ಬಂದಿರಲಿಲ್ಲ, ಆಳು ತಂದಿಟ್ಟು ಹೋಗಿದ್ದ.
ಜೋಡಿಗೆ ಏನೂ ಅನ್ನುವ ಹಾಗಿಲ್ಲ,
ಅದು ಸರಿಯಾಗಿ ಸುತ್ತಿನೊಳಗೇ ಇತ್ತು.

ಹದಿನಾರನೆಯ ಸುತ್ತಿನಲ್ಲಿ ಒಂದು ಕಲ್ಲು,
ಅದರಡಿ ಸಿಕ್ಕಿಸಿದ ಹಸಿ ಹಲಸಿನೆಲೆ.
ಯಾವ ಮಗುವಿನ ಆಟವೋ ಅಂದುಕೊಂಡೆ,
ಕಾಲಲ್ಲಿ ಮೋರಿಗೆ ತಳ್ಳಿದೆ.
ಹಿಂದಿನ ಚಪ್ಪಲಿಗಳನ್ನೆಲ್ಲ ಒಂದೊಂದು ಮನೆ ಮುಂದೆ ಸರಿಸಿದೆ.
ಸಾಲು ಚೆಂದ ಕಂಡಿತು.

ಕಲ್ಲು ಗುತ್ಯಮ್ಮನದು.
ಬಸ್ಸಿಲ್ಲದ ದಿನ ಕೆಂಚನಾಲದಾಚೆಯಿಂದ ನಡೆದು ಬಂದವಳು
ಬಿಡಲು ಚಪ್ಪಲಿಯಿಲ್ಲದೆ ಇಟ್ಟ ಕಲ್ಲು.
ಮರದಡಿ ಜಾಗ ಸಾಲದೆ ಪಂಪ್‌ಹೌಸಿನ ಗೋಡೆಗೊರಗಿ
ಕಣ್ಣು ಮುಚ್ಚಿದ್ದಳಂತೆ, ಒಂದು ಗಳಿಗೆ.
ಹತ್ತಕ್ಕೆ ಅವಳ ಮುಂದೆಯೇ ಶಟರು ಬಿತ್ತು.
ಜಗಳ ಮಾಡಲಿಲ್ಲ. ಖಾಲಿ ಚೀಲ ಮಡಚುತ್ತ ಕೇಳಿದಳು:
"ನಂದೊಂದು ಕಲ್ಲಿತ್ತಲ್ಲ?"
ನಿಯಮ ಎಲ್ಲರಿಗೂ ಒಂದೇ ಅಂದೆ.
ಸೀಟಿ ಬಾಯಲ್ಲೇ ಇತ್ತು, ಅರ್ಧ ಮಾತು ಪೀಪಿಯಾಯಿತು.

ಹತ್ತೂಕಾಲಿಗೆ ಷಣ್ಮುಖಪ್ಪನವರ ಆಳು
ಹಿಂಬಾಗಿಲಿಂದ ಎರಡು ಚೀಲ ಹೊತ್ತು ಹೋದ.
ಹಿಂಬಾಗಿಲ ಮುಂದೆ ನಾನು ಸುತ್ತು ಬರೆದಿರಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ.
ನಲ್ಲಿ ಸಾಲಿನಲ್ಲಿ ಎಷ್ಟು ವರ್ಷ ನೋಡಿಲ್ಲ ನಾನು,
ತೂತು ಬಿಂದಿಗೆ, ಇಟ್ಟಿಗೆ ಚೂರು, ಮುರಿದ ಮೊರ;
ಇದು ಬಾಣಂತಿಯದು, ಇದು ಕಣ್ಣು ಕಾಣದ ಮುದುಕಿಯದು,
ಕೇಳದೆಯೇ ಗೊತ್ತಾಗುತ್ತಿತ್ತು.
ಒಂದನ್ನೂ ಕಾಲಲ್ಲಿ ಮುಟ್ಟಿದವನಲ್ಲ.
ಪಟ್ಟಿ ಕಟ್ಟಿದ ಮೇಲೆ ಕಲ್ಲು ಬರೀ ಕಲ್ಲಾಯಿತು.

ಹಾಗಂತ ಸುಣ್ಣವೇ ತಪ್ಪೆನ್ನಲಾರೆ.
ಮಂಗನ ಕಾಯಿಲೆಗೆ ತಂಗಿಯನ್ನು ಕೊಟ್ಟವ ನಾನು.
ಕಾಡಿಗೆ ಹೋಗಬೇಡಿ ಎಂದು ಡಂಗುರ ಸಾರಿದ್ದರು,
ಕೊಟ್ಟಿಗೆಗೆ ಹಾಸಲು ದರಗಿಲ್ಲ ಎಂದು ಹೋಗಿದ್ದಳು.
ಗೆರೆಯೂ ನಿಜ, ಕೊಟ್ಟಿಗೆಯೂ ನಿಜ.

ಮರುದಿನ ನನ್ನ ಚಪ್ಪಲಿಯನ್ನೇ ಮೊದಲ ಸುತ್ತಿನಲ್ಲಿಟ್ಟೆ,
ಗುತ್ಯಮ್ಮನ ಹೆಸರಲ್ಲಿ.
"ನೀರುಗಂಟಿಗೇನು ಮೊದಲ ಸುತ್ತು?" ಅಂದಳು ಮೆಹಬೂಬಿ.
ನಾಲ್ಕಕ್ಕೆ ಎದ್ದು ಬಂದವಳು, ಎರಡನೆಯ ದಿನ. ಅವಳ ಮಾತೂ ಸರಿ.
ತೆಗೆದೆ. ಗುತ್ಯಮ್ಮ ಅವತ್ತು ಬರಲೇ ಇಲ್ಲ.

ನಾಲ್ಕನೆಯ ದಿನ, ಕತ್ತಲಿರುವಾಗಲೇ,
ಮಾಸಿದ ಸುತ್ತುಗಳನ್ನು ತಿದ್ದುತ್ತಿದ್ದೆ.
ಬೆನ್ನ ಹಿಂದೆ ಬಂದು ನಿಂತಳು.
ಕಲ್ಲಿಲ್ಲ, ಎಲೆಯಿಲ್ಲ, ತಾನೇ,
ಈಗಷ್ಟೇ ಬರೆದ ಗೆರೆಯ ಮೇಲೆ ಎರಡೂ ಪಾದ ಊರಿ.
ಮೆಟ್ಟಿಲ ಮೇಲೆ ಕೂತಿರು, ನಾನು ನೋಡಿಕೊಳ್ಳುತ್ತೇನೆ ಅಂದೆ.
ಅಲ್ಲಾಡಲಿಲ್ಲ.
"ನೀ ನೋಡ್ಕಂಡಿದ್ದು ಗೊತ್ತು ಬಿಡು," ಅಂದಳು,
"ಸುಣ್ಣ ಇನ್ನೂ ಹಸಿ, ಕಾಲು ಚುರುಗುಡ್ತದೆ.
ಮುಂದಿಂದು ಬರಿ."